ಹೋಮರ್, ಇಲಿಯಡ್, ಟ್ರಾಯ್ ಯುದ್ಧ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲಿಯಡ್, ಒಡಿಸ್ಸಿ ಎಂಬ ಹಳೆಯ ಗ್ರೀಕ್ ಕಾವ್ಯಗಳ ಕವಿ ಅಂತ ಹೇಳುವ ಹೋಮರನ ಮಾತು ಎತ್ತಿದರೆ ಸಾಕು, ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಸಿನಿಮಾ ನೋಡಿ ಕೇಳುತ್ತಾರೆ. ಕೆಲವರು ಇಲಿಯಡ್ ಹಿಡಿದು ಎರಡನೇ ಸರ್ಗದಲ್ಲೇ ಸುಸ್ತಾಗಿ ಕೇಳುತ್ತಾರೆ. ಇನ್ನು ಕೆಲವರಿಗೆ ಮಹಾಭಾರತ ಬಾಯಲ್ಲೇ ಇರುತ್ತದೆ, ಇದನ್ನು ಅದರ ಪಕ್ಕ ಇಟ್ಟು ನೋಡುವ ಆಸೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಶುರು ಮಾಡುವವರಿಗೆ

ಇಲಿಯಡ್, ಒಡಿಸ್ಸಿ ಎರಡೂ ಒಂದೇ ಕಥೆನಾ?

ಬೇರೆ ಬೇರೆ ಕಾವ್ಯಗಳು. ಹಿನ್ನೆಲೆಯಲ್ಲಿರುವ ಯುದ್ಧ ಮಾತ್ರ ಒಂದೇ. ಇಲಿಯಡ್‌ನಲ್ಲಿ ಸುಮಾರು 15,700 ಸಾಲುಗಳಿವೆ, ಒಡಿಸ್ಸಿಯಲ್ಲಿ ಸುಮಾರು 12,100. ಎರಡನ್ನೂ 24 ಸರ್ಗಗಳಾಗಿ ಹಂಚಿದ್ದಾರೆ. ಗ್ರೀಕ್ ಅಕ್ಷರಮಾಲೆಯಲ್ಲಿ ಇರುವುದೂ 24 ಅಕ್ಷರ, ಒಂದೊಂದು ಸರ್ಗಕ್ಕೆ ಒಂದೊಂದು. ಈ ಹಂಚಿಕೆ ಕವಿಯದ್ದಲ್ಲ, ಮುಂದೆ ಬಂದವರು ಮಾಡಿದ್ದು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಇಲಿಯಡ್ ನಡೆಯುವುದು ಯುದ್ಧದ ಹತ್ತನೇ ವರ್ಷದಲ್ಲಿ, ಟ್ರಾಯ್ ಕೋಟೆಯ ಹೊರಗೆ. ಒಡಿಸ್ಸಿ ಶುರುವಾಗುವಾಗ ಯುದ್ಧ ಮುಗಿದು ಹತ್ತು ವರ್ಷವಾಗಿದೆ, ಒಡಿಸ್ಸಿಯಸ್ ಎಂಬ ಗ್ರೀಕ್ ವೀರ ಮಾತ್ರ ಇನ್ನೂ ಮನೆ ತಲುಪಿಲ್ಲ. ಎರಡೂ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 8ನೇ ಶತಮಾನದ ಕೊನೆ ಅಥವಾ 7ನೇ ಶತಮಾನದ ಹೊತ್ತಿಗೆ.

ಯುದ್ಧದ ಕಥೆ ಪೂರ್ತಿ ಗೊತ್ತಿಲ್ಲ. ಸ್ವಲ್ಪದರಲ್ಲಿ ಹೇಳ್ತೀರಾ?

ಸಮುದ್ರದೇವಿ ಥೆಟಿಸ್ ಮತ್ತು ಮನುಷ್ಯನಾದ ಪೀಲಿಯಸ್‌ನ ಮದುವೆ. ಜಗಳದ ದೇವತೆ ಎರಿಸ್‌ಗೆ ಕರೆಯೋಲೆ ಇಲ್ಲ. ಅವಳು 'ಅತ್ಯಂತ ಸುಂದರಿಗೆ' ಅಂತ ಬರೆದ ಚಿನ್ನದ ಸೇಬನ್ನು ನಡುವೆ ಎಸೆಯುತ್ತಾಳೆ. ಹೀರಾ, ಅಥೀನಾ, ಅಫ್ರೊಡೈಟಿ ಎಂಬ ಮೂವರು ದೇವಿಯರೂ ಅದು ತಮ್ಮದು ಅನ್ನುತ್ತಾರೆ. ತೀರ್ಪು ಹೇಳಬೇಕಾದವನು ಟ್ರಾಯ್‌ನ ರಾಜಕುಮಾರ ಪ್ಯಾರಿಸ್. ಲೋಕದ ಅತಿ ಸುಂದರಿಯನ್ನು ಕೊಡಿಸುತ್ತೇನೆ ಎಂದ ಅಫ್ರೊಡೈಟಿಗೆ ಅವನು ಸೇಬು ಕೊಡುತ್ತಾನೆ. ಆ ಸುಂದರಿಯೇ ಹೆಲೆನ್, ಸ್ಪಾರ್ಟಾದ ದೊರೆ ಮೆನೆಲಾಸ್‌ನ ಹೆಂಡತಿ. ಪ್ಯಾರಿಸ್ ಅತಿಥಿಯಾಗಿ ಹೋಗಿ ಅವಳನ್ನು ಕರೆದುಕೊಂಡು ಬರುತ್ತಾನೆ.

ಮೆನೆಲಾಸ್‌ನ ಅಣ್ಣ ಅಗಮೆಮ್ನಾನ್, ಮೈಸೀನಿಯ ದೊರೆ. ಅವನು ಗ್ರೀಕ್ ಅರಸರನ್ನೆಲ್ಲ ಸೇರಿಸುತ್ತಾನೆ. ಔಲಿಸ್ ಬಂದರಿನಲ್ಲಿ ಗಾಳಿ ಅನುಕೂಲವಾಗುವುದಿಲ್ಲ. ಗಾಳಿಗಾಗಿ ತನ್ನ ಮಗಳು ಇಫಿಜಿನಿಯಾಳನ್ನೇ ಬಲಿ ಕೊಡುತ್ತಾನೆ. ಹತ್ತು ವರ್ಷದ ಮುತ್ತಿಗೆ. ಹತ್ತನೇ ವರ್ಷದಲ್ಲಿ ಟ್ರಾಯ್‌ನ ಹೆಕ್ಟರ್ ಗ್ರೀಕರ ಅಕಿಲೀಸ್ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಅಕಿಲೀಸ್ ಪ್ಯಾರಿಸ್‌ನ ಬಾಣಕ್ಕೆ ಬಲಿಯಾಗುತ್ತಾನೆ. ಕೊನೆಗೆ ಮರದ ಕುದುರೆ, ರಾತ್ರಿಯ ದಾಳಿ, ಸುಟ್ಟ ಊರು. ಹೆಕ್ಟರ್‌ನ ಹಸುಗೂಸನ್ನು ಕೋಟೆ ಮೇಲಿಂದ ಎಸೆಯುತ್ತಾರೆ. ಹೆಂಗಸರು ಗುಲಾಮರಾಗುತ್ತಾರೆ. ಗೆದ್ದವರಿಗೂ ಸುಖವಿಲ್ಲ. ಅಗಮೆಮ್ನಾನ್ ಮನೆ ತಲುಪಿದ ಕೂಡಲೇ ಹೆಂಡತಿ ಕ್ಲೈಟೆಮ್ನೆಸ್ಟ್ರಾ ಮತ್ತು ಅವಳ ಪ್ರಿಯಕರನ ಕೈಯಲ್ಲಿ ಕೊಲೆಯಾಗುತ್ತಾನೆ.

ಈ ಇಡೀ ಕಥೆ ಯಾವ ಒಂದು ಪುಸ್ತಕದಲ್ಲೂ ಇಲ್ಲ. ಬೇರೆ ಬೇರೆ ಕಾಲದ ಕವಿಗಳು ಹೇಳಿದ್ದನ್ನು ಪೋಣಿಸಿದರೆ ಹೀಗಾಗುತ್ತದೆ.

ಇಲಿಯಡ್ ಓದಿ ಮುಗಿಸಿದೆ. ಮರದ ಕುದುರೆ ಎಲ್ಲಿ?

ಇಲಿಯಡ್‌ನಲ್ಲಿ ಕುದುರೆ ಇಲ್ಲ. ಕಾವ್ಯ ಹೆಕ್ಟರ್‌ನ ಶವಸಂಸ್ಕಾರದೊಂದಿಗೆ ಮುಗಿಯುತ್ತದೆ. ಆಗ ಟ್ರಾಯ್ ಇನ್ನೂ ನಿಂತಿದೆ, ಅಕಿಲೀಸ್ ಇನ್ನೂ ಬದುಕಿದ್ದಾನೆ.

ಕುದುರೆ ಬರುವುದು ಒಡಿಸ್ಸಿಯಲ್ಲಿ, ಅದೂ ನೆನಪಾಗಿ. ಎಂಟನೇ ಸರ್ಗದಲ್ಲಿ ಡೆಮೊಡೊಕಸ್ ಎಂಬ ಕುರುಡ ಗಾಯಕ ಅದನ್ನು ಹಾಡುತ್ತಾನೆ. ಕೇಳುತ್ತ ಕೂತ ಒಡಿಸ್ಸಿಯಸ್ ಅಳುತ್ತಾನೆ. ಹೇಗೆ ಅಳುತ್ತಾನೆ ಗೊತ್ತಾ? ಊರು ಕಾಯುತ್ತ ಬಿದ್ದ ಗಂಡನ ಮೈಮೇಲೆ ಬಿದ್ದು ಗೋಳಾಡುವ ಹೆಂಗಸಿನ ಹಾಗೆ, ಹಿಂದಿನಿಂದ ಶತ್ರುಗಳು ಈಟಿಯಿಂದ ತಿವಿಯುತ್ತ ಗುಲಾಮಗಿರಿಗೆ ಎಳೆದೊಯ್ಯುತ್ತಿರುವ ಹೆಂಗಸಿನ ಹಾಗೆ, ಅಂತ ಕವಿ ಹೇಳುತ್ತಾನೆ. ಊರು ಸುಟ್ಟವನ ಕಣ್ಣೀರಿಗೆ ಊರು ಕಳೆದುಕೊಂಡವಳ ಕಣ್ಣೀರಿನ ಹೋಲಿಕೆ. ನನಗೆ ಎರಡೂ ಕಾವ್ಯಗಳಲ್ಲಿ ಇದಕ್ಕಿಂತ ದಿಟ್ಟವಾದ ಹೋಲಿಕೆ ಕಾಣುವುದಿಲ್ಲ.

ನಾವು ಕೇಳಿ ಬೆಳೆದ ವಿವರವಾದ ಕುದುರೆ ಕಥೆ, ಹಾವುಗಳು ಬಂದು ಪೂಜಾರಿಯನ್ನು ಸುತ್ತಿಕೊಳ್ಳುವುದೂ ಸೇರಿದಂತೆ, ರೋಮನ್ ಕವಿ ವರ್ಜಿಲ್ ಕ್ರಿ.ಪೂ. 1ನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದದ್ದು.

ಹಾಗಾದ್ರೆ ಅಕಿಲೀಸನ ಹಿಮ್ಮಡಿ?

ಅದೂ ಹೋಮರನಲ್ಲಿ ಇಲ್ಲ. ತಾಯಿ ಥೆಟಿಸ್ ಮಗುವನ್ನು ಹಿಮ್ಮಡಿಯಲ್ಲಿ ಹಿಡಿದು ಸತ್ತವರ ಲೋಕದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಹಿಮ್ಮಡಿ ಬಿಟ್ಟು ಮೈಗೆಲ್ಲೂ ಗಾಯವಾಗದ ಹಾಗಾಯಿತು ಅನ್ನುವುದು ಕಥೆ. ಆ ನದಿಯಲ್ಲಿ ಅದ್ದಿದ ಮಾತು ನಮಗೆ ಮೊದಲು ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಇಲಿಯಡ್‌ನ ಅಕಿಲೀಸ್‌ಗೆ ಗಾಯವೂ ಆಗುತ್ತದೆ. 21ನೇ ಸರ್ಗದಲ್ಲಿ ಆಸ್ಟೆರೊಪಾಯಸ್ ಎಂಬವನ ಈಟಿ ಅವನ ಮುಂಗೈಗೆ ತಗುಲಿ ರಕ್ತ ಚಿಮ್ಮುತ್ತದೆ. ಸಾಯಲಾರದವನು ಯುದ್ಧ ಮಾಡಿದರೆ ಅದರಲ್ಲಿ ಏನು ದೊಡ್ಡಸ್ತಿಕೆ? ಅಕಿಲೀಸ್ ತಾನು ಸಾಯುತ್ತೇನೆ ಅಂತ ಗೊತ್ತಿದ್ದೇ ಕಣಕ್ಕೆ ಇಳಿಯುತ್ತಾನೆ.

ಹೆಸರುಗಳೇ ತಲೆ ತಿನ್ನುತ್ತವೆ. ಏನು ಮಾಡಲಿ?

ಗ್ರೀಕರ ಕಡೆ ಅಕಿಲೀಸ್, ಅವನ ಗೆಳೆಯ ಪಟ್ರೋಕ್ಲಸ್, ಅಗಮೆಮ್ನಾನ್, ಒಡಿಸ್ಸಿಯಸ್. ಟ್ರಾಯ್ ಕಡೆ ಹೆಕ್ಟರ್, ಅವನ ಹೆಂಡತಿ ಆಂಡ್ರೊಮಾಕೆ, ಅಪ್ಪ ಪ್ರಿಯಾಮ್, ತಮ್ಮ ಪ್ಯಾರಿಸ್. ನಡುವೆ ಹೆಲೆನ್. ಇಷ್ಟು ಸಾಕು, ಉಳಿದವರು ಓದುತ್ತ ಓದುತ್ತ ಪರಿಚಯ ಆಗುತ್ತಾರೆ.

ಗ್ರೀಕರನ್ನು ಕವಿ ಅಕೇಯನ್ನರು, ಆರ್ಗಿವರು, ಡನಾಯನ್ನರು ಅಂತ ಮೂರು ಹೆಸರಲ್ಲಿ ಕರೆಯುತ್ತಾನೆ, ಮೂರೂ ಒಂದೇ ಪಡೆ. ಪ್ಯಾರಿಸ್‌ಗೆ ಅಲೆಕ್ಸಾಂಡರ್ ಅಂತಲೂ ಹೆಸರು. ಏಜಾಕ್ಸ್ ಅನ್ನುವವರು ಇಬ್ಬರಿದ್ದಾರೆ, ಸುಮ್ನೆ ಏಜಾಕ್ಸ್ ಅಂದರೆ ಸಾಮಾನ್ಯವಾಗಿ ದೊಡ್ಡವನು. ಎರಡನೇ ಸರ್ಗದಲ್ಲಿ 29 ಪಡೆಗಳ, ಒಟ್ಟು 1,186 ಹಡಗುಗಳ ಪಟ್ಟಿ ಬರುತ್ತದೆ. ಮೊದಲ ಓದಿನಲ್ಲಿ ಅದನ್ನು ದಾಟಿ ಮೂರನೇ ಸರ್ಗಕ್ಕೆ ಹೋಗಿ. ಕಥೆಗೆ ಯಾವ ಕೊರತೆಯೂ ಆಗುವುದಿಲ್ಲ.

## ಕಾವ್ಯದ ಒಳಗೆ

ಅಕಿಲೀಸ್‌ಗೆ ಯಾಕೆ ಅಷ್ಟು ಸಿಟ್ಟು? ಒಬ್ಬ ಹೆಣ್ಣಿಗಾಗಿ ಇಷ್ಟೊಂದಾ?

ಇಲಿಯಡ್‌ನ ಮೊದಲ ಪದವೇ ಸಿಟ್ಟು. ಕಾವ್ಯ ಇರುವುದೂ ಅದರ ಮೇಲೆಯೇ, ಯುದ್ಧ ಅದಕ್ಕೆ ಜಾಗ ಅಷ್ಟೆ.

ಅಪೊಲೊ ದೇವರ ಪೂಜಾರಿ ಕ್ರೈಸಿಸ್, ಗ್ರೀಕರು ಹಿಡಿದುಕೊಂಡ ಮಗಳನ್ನು ಬಿಡಿಸಿಕೊಳ್ಳಲು ಕಾಣಿಕೆ ಹೊತ್ತು ಬರುತ್ತಾನೆ. ಅಗಮೆಮ್ನಾನ್ ಅವನನ್ನು ಗದರಿಸಿ ಕಳಿಸುತ್ತಾನೆ. ಅಪೊಲೊ ಮುನಿದು ಪಾಳೆಯಕ್ಕೆ ಪಿಡುಗು ಬಿಡುತ್ತಾನೆ. ಕೊನೆಗೆ ಅಗಮೆಮ್ನಾನ್ ಹುಡುಗಿಯನ್ನು ಬಿಟ್ಟುಕೊಡುತ್ತಾನೆ, ಆದರೆ ತನಗಾದ ನಷ್ಟಕ್ಕೆ ಅಕಿಲೀಸ್‌ನ ಪಾಲಿಗೆ ಬಂದಿದ್ದ ಬ್ರಿಸೇಯಿಸ್‌ಳನ್ನು ಎಲ್ಲರ ಮುಂದೆ ಕಿತ್ತುಕೊಳ್ಳುತ್ತಾನೆ. ಆ ಪಡೆಯಲ್ಲಿ ಗೆದ್ದು ತಂದ ಪಾಲೇ ಮರ್ಯಾದೆ. ಅದನ್ನು ತುಂಬಿದ ಸಭೆಯಲ್ಲಿ ಕಸಿದುಕೊಂಡರೆ ಮುಖಕ್ಕೆ ಉಗುಳಿದ ಹಾಗೆ. ಅಕಿಲೀಸ್ ಯುದ್ಧ ಬಿಟ್ಟು ಗುಡಾರದಲ್ಲಿ ಕೂರುತ್ತಾನೆ.

ಮುಂದಿನದು ಇನ್ನೂ ಆಳ. ಒಂಬತ್ತನೇ ಸರ್ಗದಲ್ಲಿ ಅಗಮೆಮ್ನಾನ್ ರಾಯಭಾರ ಕಳಿಸುತ್ತಾನೆ. ಹತ್ತು ತಲಾಂತು ಚಿನ್ನ, ಹನ್ನೆರಡು ಕುದುರೆ, ಬ್ರಿಸೇಯಿಸ್ ವಾಪಸ್, ತನ್ನ ಮಗಳ ಜೊತೆ ಮದುವೆ, ಏಳು ಊರು. ಅಕಿಲೀಸ್ ಬೇಡ ಅನ್ನುತ್ತಾನೆ. ಹಿಂದೆ ಉಳಿದವನಿಗೂ ಜೀವ ಒತ್ತೆ ಇಟ್ಟು ಹೋರಾಡಿದವನಿಗೂ ಪಾಲು ಒಂದೇ, ಇಬ್ಬರಿಗೂ ಸಾವು ಒಂದೇ, ಹೋದ ಪ್ರಾಣ ಯಾವ ಸಂಪತ್ತಿಗೂ ವಾಪಸ್ ಬರಲ್ಲ ಅನ್ನುತ್ತಾನೆ. ಅವನ ಮುಂದೆ ಎರಡು ದಾರಿ ಇದೆ ಅಂತ ತಾಯಿ ಹೇಳಿದ್ದಾಳೆ. ಇಲ್ಲಿ ಹೋರಾಡಿದರೆ ಬೇಗ ಸಾವು, ಅಳಿಯದ ಹೆಸರು. ಮನೆಗೆ ಹೋದರೆ ಹೆಸರಿಲ್ಲದ ದೀರ್ಘ ಬದುಕು. ಆ ಕ್ಷಣ ಅವನಿಗೆ ಎರಡನೆಯದೇ ಮೇಲು ಅನಿಸುತ್ತದೆ. ವೀರರ ಕಾವ್ಯದಲ್ಲಿ ಎಲ್ಲರಿಗಿಂತ ದೊಡ್ಡ ವೀರನೇ ವೀರತನಕ್ಕೆ ಏನು ಬೆಲೆ ಅಂತ ಕೇಳಿಬಿಡುತ್ತಾನೆ. ಹೆಕ್ಟರ್ ಕೈಯಲ್ಲಿ ಪಟ್ರೋಕ್ಲಸ್ ಸತ್ತ ಮೇಲೆ ಅದೇ ಸಿಟ್ಟು ಅಗಮೆಮ್ನಾನ್‌ನನ್ನು ಬಿಟ್ಟು ಹೆಕ್ಟರ್ ಕಡೆ ತಿರುಗುತ್ತದೆ, ಮತ್ತು ಅದಕ್ಕೆ ಮಿತಿಯೇ ಇರುವುದಿಲ್ಲ.

ಹೆಲೆನ್ ತಾನಾಗಿ ಹೋದಳಾ, ಹೊತ್ತುಕೊಂಡು ಹೋದರಾ?

ಹೋಮರ್ ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಮೂರನೇ ಸರ್ಗದಲ್ಲಿ ನಾವು ಅವಳನ್ನು ಮೊದಲು ನೋಡುವಾಗ ಅವಳು ಮಗ್ಗದ ಮುಂದೆ ಇದ್ದಾಳೆ. ಬಟ್ಟೆಯ ಮೇಲೆ ನೇಯುತ್ತಿರುವುದು ತನಗಾಗಿ ನಡೆಯುತ್ತಿರುವ ಕಾಳಗಗಳನ್ನೇ. ತನ್ನನ್ನು ತಾನೇ ನಾಯಿಮುಖದವಳು ಅಂತ ಬೈದುಕೊಳ್ಳುತ್ತಾಳೆ. ಪ್ರಿಯಾಮ್ ಮಾತ್ರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪು ನಿನ್ನದಲ್ಲ, ದೇವರುಗಳದ್ದು ಅನ್ನುತ್ತಾನೆ. ಅಫ್ರೊಡೈಟಿ ಬಂದು ಪ್ಯಾರಿಸ್ ಹತ್ತಿರ ಹೋಗು ಅಂದಾಗ ಹೆಲೆನ್, ಬೇಕಾದರೆ ನೀನೇ ಹೋಗಿ ಅವನ ಜೊತೆ ಇರು ಅಂತ ದೇವತೆಗೇ ಎದುರು ಮಾತಾಡುತ್ತಾಳೆ. ದೇವತೆ ಹೆದರಿಸುತ್ತಾಳೆ, ಹೋಗಲೇಬೇಕಾಗುತ್ತದೆ.

ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ ಅನ್ನುವ ಕಥೆಯೂ ಹಳೆಯದು. ಅವಳು ಈಜಿಪ್ಟ್‌ನಲ್ಲೇ ಉಳಿದಳು ಅಂತ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಯೂರಿಪಿಡೀಸ್ ಕ್ರಿ.ಪೂ. 412ರ ನಾಟಕದಲ್ಲಿ, ಟ್ರಾಯ್‌ಗೆ ಹೋದದ್ದು ದೇವರುಗಳು ಮಾಡಿದ ಅವಳ ನೆರಳು ಅನ್ನುತ್ತಾನೆ. ಹತ್ತು ವರ್ಷ ಜನ ಸತ್ತದ್ದು ಒಂದು ನೆರಳಿಗಾಗಿ!

ಇದು ನಮ್ಮ ರಾಮಾಯಣದ ನಕಲಲ್ವಾ? ಅಥವಾ ಉಲ್ಟಾನಾ?

ಎರಡೂ ಅಲ್ಲ. ಈ ಜಗಳ ತುಂಬ ಹಳೆಯದು. ಕ್ರಿ.ಶ. 100ರ ಆಸುಪಾಸಿನಲ್ಲಿದ್ದ ಗ್ರೀಕ್ ಮಾತುಗಾರ ಡಿಯೊ ಕ್ರಿಸಾಸ್ಟಮ್, ಭಾರತೀಯರು ಹೋಮರನನ್ನು ತಮ್ಮ ಭಾಷೆಯಲ್ಲಿ ಹಾಡುತ್ತಾರೆ ಅಂದ. ಬಹುಶಃ ಮಹಾಭಾರತದ ಸುದ್ದಿ ಕೇಳಿ ಹಾಗೆ ಅಂದುಕೊಂಡಿದ್ದ. 1870ರ ಹೊತ್ತಿಗೆ ಜರ್ಮನ್ ವಿದ್ವಾಂಸ ಆಲ್ಬ್ರೆಕ್ಟ್ ವೆಬರ್ ರಾಮಾಯಣಕ್ಕೆ ಹೋಮರನ ಪ್ರಭಾವ ಅಂಟಿಸಲು ನೋಡಿದ. ಕಾಶಿನಾಥ ತ್ರ್ಯಂಬಕ ತೆಲಂಗ್ 1873ರಲ್ಲಿ ಅದಕ್ಕೆ ಒಂದೊಂದಾಗಿ ಉತ್ತರ ಕೊಟ್ಟರು.

ಹೆಂಡತಿ ಹೋದಳು, ಸಮುದ್ರ ದಾಟಿ ಯುದ್ಧಕ್ಕೆ ಹೋದರು ಅನ್ನುವಷ್ಟು ಮಾತ್ರ ಹೊಂದುತ್ತದೆ. ಒಳಗಿನ ಮನಸ್ಸು ಬೇರೆಯೇ. ರಾಮಾಯಣದಲ್ಲಿ ಧರ್ಮ ಯಾರ ಕಡೆ ಅನ್ನುವ ಅನುಮಾನ ಇರುವುದಿಲ್ಲ. ಇಲಿಯಡ್‌ನಲ್ಲಿ ರಾವಣನೇ ಇಲ್ಲ. ಕವಿ ಗ್ರೀಕ, ಆದರೂ ಅವನ ಕಾವ್ಯದ ಅತ್ಯಂತ ಮೆತ್ತನೆಯ ಸಂಸಾರದ ಚಿತ್ರ ಟ್ರಾಯ್‌ನಲ್ಲಿದೆ. ಹೋಲಿಸಲೇಬೇಕು ಅಂದರೆ ಮಹಾಭಾರತ ಹತ್ತಿರ. ಅಲ್ಲಿನ ಸ್ತ್ರೀಪರ್ವ ಓದಿದವರಿಗೆ ಇಲಿಯಡ್‌ನ ಕೊನೆಯಲ್ಲಿ ಆಂಡ್ರೊಮಾಕೆ, ಹೆಕ್ಟರ್‌ನ ತಾಯಿ ಹೆಕ್ಯುಬಾ, ಹೆಲೆನ್ ಒಬ್ಬರಾದ ಮೇಲೆ ಒಬ್ಬರು ಅಳುವುದು ಪರಕೀಯ ಅನಿಸುವುದಿಲ್ಲ.

ಈ ದೇವರುಗಳು ಯಾಕೆ ಚಿಕ್ಕಮಕ್ಕಳ ಹಾಗೆ ಕಿತ್ತಾಡ್ತಾರೆ?

ಅವರಿಗೆ ಸಾವಿಲ್ಲ, ಅದಕ್ಕೆ. ಐದನೇ ಸರ್ಗದಲ್ಲಿ ಯುದ್ಧದೇವರು ಏರೀಸ್‌ಗೇ ಗ್ರೀಕ್ ವೀರ ಡಯೊಮಿಡೀಸ್‌ನ ಈಟಿ ತಗಲುತ್ತದೆ. ಒಂಬತ್ತು ಹತ್ತು ಸಾವಿರ ಜನ ಒಟ್ಟಿಗೆ ಕಿರುಚಿದ ಹಾಗೆ ಅವನು ಕಿರುಚುತ್ತಾನೆ, ಮೇಲೆ ಹೋಗಿ ದೂರು ಹೇಳುತ್ತಾನೆ, ಮದ್ದು ಹಚ್ಚಿದ ಕೂಡಲೇ ವಾಸಿಯಾಗುತ್ತದೆ. ಮನುಷ್ಯನಿಗೆ ಅದೇ ಗಾಯವಾದರೆ ಕಥೆ ಮುಗಿಯಿತು. ದೇವರುಗಳ ಹಗುರತನದ ಪಕ್ಕದಲ್ಲಿ ಮನುಷ್ಯರ ಪಾಡಿನ ಭಾರ ಜಾಸ್ತಿ ಕಾಣುತ್ತದೆ. ಆದರೂ ದೇವರಿಗೂ ಒಮ್ಮೆ ತಟ್ಟುತ್ತದೆ. ಮಗ ಸಾರ್ಪಿಡಾನ್ ಸಾಯಲಿದ್ದಾನೆ, ಉಳಿಸಲೇ ಅಂತ ದೇವರುಗಳ ದೊರೆ ಜ್ಯೂಸ್ ಯೋಚಿಸುತ್ತಾನೆ. ಎಲ್ಲ ದೇವರಿಗೂ ಮಕ್ಕಳಿದ್ದಾರೆ, ಎಲ್ಲರೂ ಹಾಗೇ ಮಾಡಿಯಾರು ಅಂತ ಹೀರಾ ತಡೆಯುತ್ತಾಳೆ. ಜ್ಯೂಸ್ ನೆಲದ ಮೇಲೆ ರಕ್ತದ ಮಳೆ ಸುರಿಸಿ ಸುಮ್ಮನಾಗುತ್ತಾನೆ.

ಬರೀ ಕೊಲೆ, ಕೊಲೆ, ಕೊಲೆ. ಓದೋಕೆ ಬೇಜಾರಾಗಲ್ವಾ?

ಓಡಿಸಿಕೊಂಡು ಓದಿದರೆ ಆಗುತ್ತದೆ. ನಿಧಾನ ಮಾಡಿದರೆ ಬೇರೆಯೇ ಕಾಣುತ್ತದೆ. ನಾಲ್ಕನೇ ಸರ್ಗದಲ್ಲಿ ಸಿಮೊಯೀಸಿಯಸ್ ಎಂಬ ಹುಡುಗ ಸಾಯುತ್ತಾನೆ. ಬರುವುದೂ ಅಲ್ಲೇ, ಹೋಗುವುದೂ ಅಲ್ಲೇ. ಆದರೆ ಕವಿ ಅವಸರ ಮಾಡುವುದಿಲ್ಲ. ಅವನ ತಾಯಿ ಅಪ್ಪ ಅಮ್ಮನ ಜೊತೆ ಕುರಿಮಂದೆ ನೋಡಿಕೊಂಡು ಇಡಾ ಬೆಟ್ಟದಿಂದ ಇಳಿದು ಬರುವಾಗ ಸಿಮೊಯೀಸ್ ಹೊಳೆಯ ದಡದಲ್ಲಿ ಅವನನ್ನು ಹೆತ್ತಳು, ಅದಕ್ಕೇ ಆ ಹೆಸರು. ಸಾಕಿದ ಋಣ ತೀರಿಸುವಷ್ಟು ಅವನು ಬದುಕಲಿಲ್ಲ. ಏಜಾಕ್ಸ್‌ನ ಈಟಿಗೆ ಅವನು ಜೌಗು ನೆಲದಲ್ಲಿ ಬೆಳೆದ ಪಾಪ್ಲರ್ ಮರದ ಹಾಗೆ ಬೀಳುತ್ತಾನೆ. ರಥದ ಚಕ್ರಕ್ಕೆ ಬಗ್ಗಿಸಲು ಅಂತ ಬಡಗಿ ಕಡಿದ ಮರ, ಹೊಳೆದಂಡೆಯಲ್ಲಿ ಒಣಗುತ್ತ ಬಿದ್ದಿರುತ್ತದೆ. ಕೆಲವೇ ಸಾಲಲ್ಲಿ ಒಂದು ಹುಟ್ಟು, ಒಂದು ಮನೆ, ಒಂದು ಸಾವು. ಇಂಥವು ಕಾವ್ಯದ ತುಂಬ ಇವೆ.

ಹೆಕ್ಟರ್‌ನ ಸಾವನ್ನೇ ನೋಡಿ. ಅಕಿಲೀಸ್ ಅವನನ್ನು ಕೋಟೆ ಸುತ್ತ ಅಟ್ಟಿಸಿಕೊಂಡು ಬರುವಾಗ ಇಬ್ಬರೂ ಕಲ್ಲಿನ ತೊಟ್ಟಿಗಳನ್ನು ದಾಟುತ್ತಾರೆ. ಶಾಂತಿ ಇದ್ದಾಗ, ಗ್ರೀಕರು ಬರುವ ಮುಂಚೆ, ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದ ತೊಟ್ಟಿಗಳವು. ಪ್ರಾಣಕ್ಕಾಗಿ ಓಡುವವನ ದಾರಿಯಲ್ಲಿ ಇದನ್ನು ಹೇಳಲು ಕವಿ ನಿಲ್ಲುತ್ತಾನೆ. ಅದೇ ಹೊತ್ತಿಗೆ ಆಂಡ್ರೊಮಾಕೆ ಒಳಮನೆಯಲ್ಲಿ ನೇಯುತ್ತಿದ್ದಾಳೆ. ಗಂಡ ಯುದ್ಧದಿಂದ ಬರುತ್ತಾನೆ, ಸ್ನಾನಕ್ಕೆ ನೀರು ಕಾಯಿಸಿ ಅಂತ ಕೆಲಸದವರಿಗೆ ಹೇಳಿದ್ದಾಳೆ. ಕೋಟೆಯ ಕಡೆಯಿಂದ ಗೋಳು ಕೇಳುತ್ತದೆ. ಕೈಯಿಂದ ಲಾಳಿ ಬಿದ್ದುಹೋಗುತ್ತದೆ. ಸಾವನ್ನು ಇಷ್ಟು ಹತ್ತಿರದಿಂದ ನೋಡಿದ ಕವಿ ಯುದ್ಧವನ್ನು ಬರೀ ಹೊಗಳಿದ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅಕಿಲೀಸ್, ಹೆಕ್ಟರ್, ಇಬ್ಬರಲ್ಲಿ ಹೀರೋ ಯಾರು?

ಹೆಚ್ಚಿನ ಓದುಗರು ಹೆಕ್ಟರ್‌ನನ್ನು ಪ್ರೀತಿಸುತ್ತಾರೆ. ಆರನೇ ಸರ್ಗದಲ್ಲಿ ಮಗುವನ್ನು ಎತ್ತಿಕೊಳ್ಳಲು ಹೋದಾಗ ಶಿರಸ್ತ್ರಾಣದ ಮೇಲಿನ ಕುದುರೆಕೂದಲ ತುರಾಯಿಗೆ ಹೆದರಿ ಮಗು ಅಳುತ್ತದೆ. ಅಪ್ಪ ಅಮ್ಮ ಇಬ್ಬರೂ ನಗುತ್ತಾರೆ. ಅವನು ಶಿರಸ್ತ್ರಾಣ ತೆಗೆದು ನೆಲದ ಮೇಲಿಟ್ಟು ಮಗುವಿಗೆ ಮುತ್ತು ಕೊಡುತ್ತಾನೆ. ಇದನ್ನು ಓದಿದ ಮೇಲೆ ಅವನ ಕಡೆ ವಾಲದೇ ಇರುವುದು ಕಷ್ಟ. ಆದರೂ ಕಾವ್ಯ ಬೆಳೆಯುವುದು ಅಕಿಲೀಸ್ ಒಳಗೆ. ಹೆಕ್ಟರ್ ಮೊದಲಿಂದ ಕೊನೆತನಕ ಒಳ್ಳೆಯವನು. ಅಕಿಲೀಸ್ ಮೃಗವಾಗಿ, ಮತ್ತೆ ಮನುಷ್ಯನಾಗಿ ಬರುತ್ತಾನೆ.

ಅದು ಆಗುವುದು 24ನೇ ಸರ್ಗದಲ್ಲಿ. ಅಕಿಲೀಸ್ ದಿನವೂ ಹೆಕ್ಟರ್‌ನ ಹೆಣವನ್ನು ರಥಕ್ಕೆ ಕಟ್ಟಿ ಪಟ್ರೋಕ್ಲಸ್‌ನ ಸಮಾಧಿ ಸುತ್ತ ಎಳೆಯುತ್ತಿದ್ದಾನೆ. ಒಂದು ರಾತ್ರಿ ಮುದುಕ ಪ್ರಿಯಾಮ್ ಹೇಸರಗತ್ತೆಯ ಬಂಡಿಯಲ್ಲಿ ಕಾಣಿಕೆ ತುಂಬಿಕೊಂಡು ಶತ್ರುವಿನ ಗುಡಾರಕ್ಕೆ ಬರುತ್ತಾನೆ. ಮಂಡಿ ಹಿಡಿದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ಅಪ್ಪನನ್ನು ನೆನಪು ಮಾಡಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ. ಒಬ್ಬ ಹೆಕ್ಟರ್‌ಗಾಗಿ, ಇನ್ನೊಬ್ಬ ತನ್ನ ಅಪ್ಪನಿಗಾಗಿ, ನಡುನಡುವೆ ಪಟ್ರೋಕ್ಲಸ್‌ಗಾಗಿ. ಹೆಣವನ್ನು ಪ್ರಿಯಾಮ್‌ಗೆ ಕಾಣದ ಹಾಗೆ ತೊಳೆಸುತ್ತಾರೆ. ಅವನು ನೋಡಿ ರೇಗಿದರೆ ತನಗೂ ಸಿಟ್ಟು ಏರಿ ಮುದುಕನನ್ನು ಕೊಂದುಬಿಡಬಹುದು ಅನ್ನುವ ಭಯ ಅಕಿಲೀಸ್‌ಗೆ. ತನ್ನ ಸಿಟ್ಟನ್ನು ತಾನೇ ಕಾಯುವುದು ಅವನು ಕಲಿತಿದ್ದಾನೆ. ಆಮೇಲೆ ಇಬ್ಬರೂ ಊಟ ಮಾಡುತ್ತಾರೆ. ಶವಸಂಸ್ಕಾರಕ್ಕೆ ಎಷ್ಟು ದಿನ ಬೇಕು ಅಂತ ಅಕಿಲೀಸ್ ಕೇಳುತ್ತಾನೆ. ಹನ್ನೊಂದು ದಿನ, ಹನ್ನೆರಡನೇ ದಿನ ಯುದ್ಧ, ಬೇಕೇಬೇಕು ಅಂದರೆ, ಅನ್ನುತ್ತಾನೆ ಪ್ರಿಯಾಮ್. ಸಮಯ ಕಮ್ಮಿ ಇದ್ದವರಿಗೆ ನಾನು ಈ ಒಂದು ಸರ್ಗ ಓದಿ ಅಂತಲೇ ಹೇಳುತ್ತೇನೆ.

ಒಡಿಸ್ಸಿಯಸ್‌ಗೆ ಮನೆ ಸೇರೋಕೆ ಹತ್ತು ವರ್ಷ ಯಾಕೆ ಬೇಕಾಯ್ತು?

ಏಳು ವರ್ಷ ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದಲ್ಲಿ, ಒಂದು ವರ್ಷ ಮಾಟಗಾತಿ ಸರ್ಸಿಯ ಮನೆಯಲ್ಲಿ. ಒಕ್ಕಣ್ಣ ದೈತ್ಯನ ಕಣ್ಣು ಚುಚ್ಚಿದ್ದಕ್ಕೆ ಅವನ ತಂದೆ, ಸಮುದ್ರದೇವರು ಪೊಸೈಡನ್, ಮುನಿದಿದ್ದೂ ಒಂದು ಕಾರಣ. ಎಲ್ಲರಿಗೂ ಗೊತ್ತಿರುವ ಈ ಸಾಹಸಗಳೆಲ್ಲ 9ರಿಂದ 12ನೇ ಸರ್ಗದೊಳಗೆ ಮುಗಿಯುತ್ತವೆ, ಅದೂ ಒಡಿಸ್ಸಿಯಸ್ ತಾನೇ ಹೇಳಿಕೊಳ್ಳುವ ಕಥೆಯಾಗಿ. ಕಾವ್ಯದ ಅರ್ಧ ಭಾಗ ಅವನು ತನ್ನ ಊರು ಇಥಾಕಾಗೆ ಬಂದ ಮೇಲಿನದು.

ನನಗೆ ಆ ಅರ್ಧವೇ ಇಷ್ಟ. ಭಿಕ್ಷುಕನ ವೇಷದಲ್ಲಿ ಬಂದವನನ್ನು ಮೊದಲು ಗುರುತಿಸುವುದು ಮುದಿ ನಾಯಿ ಆರ್ಗಸ್. ಸಗಣಿ ರಾಶಿಯ ಮೇಲೆ ಮಲಗಿದ್ದಲ್ಲೇ ಬಾಲ ಆಡಿಸಿ, ಕಿವಿ ಇಳಿಸಿ, ಅಲ್ಲೇ ಸಾಯುತ್ತದೆ. ಅಪಾಯ ಆದೀತು ಅಂತ ಒಡಿಸ್ಸಿಯಸ್ ಹತ್ತಿರ ಹೋಗುವ ಹಾಗಿಲ್ಲ, ಮುಖ ತಿರುಗಿಸಿ ಕಣ್ಣೀರು ಒರೆಸಿಕೊಳ್ಳುತ್ತಾನೆ. ಹೆಂಡತಿ ಪೆನೆಲೋಪಿ ಮಾತ್ರ ಸುಲಭಕ್ಕೆ ನಂಬುವವಳಲ್ಲ. ಮಂಚ ಹೊರಗೆ ಹಾಕಿ ಅಂತ ಕೆಲಸದವಳಿಗೆ ಹೇಳಿ ಅವನನ್ನು ಪರೀಕ್ಷಿಸುತ್ತಾಳೆ. ಬೇರೂರಿದ ಆಲಿವ್ ಮರವನ್ನೇ ಕಾಲಾಗಿ ಇಟ್ಟು ಅವನು ಮಾಡಿದ ಮಂಚ ಅದು, ಅಲುಗಾಡಿಸಲಾಗದು. ಅದನ್ನು ಅವನು ಹೇಳಿದಾಗಲೇ ಅವಳು ಒಪ್ಪುತ್ತಾಳೆ. ನಡುವೆ ಪೆನೆಲೋಪಿಯನ್ನು ಮದುವೆಯಾಗಲು ಬಂದು ಕೂತಿದ್ದ 108 ಮಂದಿಯ ಹತ್ಯೆ ಇದೆ, ಹನ್ನೆರಡು ದಾಸಿಯರನ್ನು ನೇಣಿಗೆ ಹಾಕುವುದಿದೆ. ಆ ದಾಸಿಯರ ಸಾವನ್ನು ಓದುವಾಗ ಮನಸ್ಸು ಮುದುಡುತ್ತದೆ, ಮುದುಡಬೇಕು ಕೂಡ.

## ಇನ್ನೂ ಆಳಕ್ಕೆ

ಹೋಮರ್ ಅನ್ನೋನು ನಿಜವಾಗ್ಲೂ ಇದ್ನಾ? ಕುರುಡನಾಗಿದ್ನಾ?

ಹಳೆಯ ಗ್ರೀಕರಿಗೇ ಖಚಿತ ಇರಲಿಲ್ಲ. ಸ್ಮಿರ್ನಾ, ಕಿಯಾಸ್ ಸೇರಿ ಹಲವು ಊರುಗಳು ಅವನನ್ನು ತಮ್ಮವನು ಅಂದವು. ಅಪೊಲೊ ಮೇಲಿನ ಒಂದು ಹಳೆಯ ಸ್ತೋತ್ರದಲ್ಲಿ ಕವಿ ತನ್ನನ್ನು 'ಬಂಡೆಗಳ ಕಿಯಾಸ್‌ನ ಕುರುಡ' ಅಂತ ಕರೆದುಕೊಳ್ಳುತ್ತಾನೆ. ಕುರುಡ ಅನ್ನುವ ನಂಬಿಕೆಗೆ ಇದೂ ಒಡಿಸ್ಸಿಯ ಡೆಮೊಡೊಕಸ್ಸೂ ಕಾರಣ ಇರಬೇಕು. ಎರಡೂ ಕಾವ್ಯ ಬೇರೆ ಬೇರೆ ಕವಿಗಳದ್ದು ಅನ್ನುವವರು ಆ ಕಾಲದಲ್ಲೇ ಇದ್ದರು. 1795ರಲ್ಲಿ ಜರ್ಮನಿಯ ಎಫ್.ಎ. ವುಲ್ಫ್, ಇವು ಬಾಯಿಂದ ಬಾಯಿಗೆ ಬಂದ ಹಾಡುಗಳು, ಆಮೇಲೆ ಜೋಡಿಸಿದ್ದು ಅಂತ ವಾದಿಸಿದ ಮೇಲೆ ಚರ್ಚೆ ನಿಂತೇ ಇಲ್ಲ. ಇಲಿಯಡ್‌ನ ಒಟ್ಟು ಕಟ್ಟಡ ನೋಡಿದರೆ, ಹಳೆಯ ಹಾಡುಗಳನ್ನೆಲ್ಲ ಅರಗಿಸಿಕೊಂಡ ಒಂದು ದೊಡ್ಡ ಮನಸ್ಸು ಅದರ ಹಿಂದಿದೆ ಅಂತ ನನಗೆ ಅನಿಸುತ್ತದೆ. ಮೊದಲ ಸರ್ಗದಲ್ಲಿ ಮಗಳಿಗಾಗಿ ಬಂದ ಮುದುಕ ಬರಿಗೈಲಿ ವಾಪಸ್ ಹೋಗುತ್ತಾನೆ. ಕೊನೆಯ ಸರ್ಗದಲ್ಲಿ ಮಗನಿಗಾಗಿ ಬಂದ ಮುದುಕ ಕೇಳಿದ್ದನ್ನು ಪಡೆಯುತ್ತಾನೆ. ಇದು ತಾನಾಗಿ ಆಗುವ ಜೋಡಣೆ ಅಲ್ಲ.

ಓದು ಬರಹ ಇಲ್ಲದೆ 15 ಸಾವಿರ ಸಾಲು ಒಬ್ಬ ಹೇಗೆ ಹಾಡ್ತಾನೆ?

ಇದಕ್ಕೆ ದಾರಿ ತೋರಿಸಿದವನು ಅಮೆರಿಕದ ಮಿಲ್ಮನ್ ಪ್ಯಾರಿ. ಹೋಮರನಲ್ಲಿ 'ವೇಗದ ಕಾಲಿನ ಅಕಿಲೀಸ್', 'ಗುಲಾಬಿ ಬೆರಳಿನ ಮುಂಜಾವು' ಅಂಥ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಸಾಲಿನ ಯಾವ ಜಾಗಕ್ಕೆ ಎಷ್ಟು ಅಳತೆಯ ಮಾತು ಬೇಕೋ ಅದಕ್ಕೆ ಸರಿಯಾದದ್ದು ಸಿದ್ಧವಾಗಿ ಇರುತ್ತದೆ ಅಂತ ಪ್ಯಾರಿ ತೋರಿಸಿದ. ಬಾಯಿಪಾಠ ಒಪ್ಪಿಸುವುದಲ್ಲ ಇದು, ಹಾಡುತ್ತ ಹಾಡುತ್ತಲೇ ಕಟ್ಟುವುದು. 1930ರ ದಶಕದಲ್ಲಿ ಅವನು ಶಿಷ್ಯ ಆಲ್ಬರ್ಟ್ ಲಾರ್ಡ್ ಜೊತೆ ಯುಗೊಸ್ಲಾವಿಯಾಕ್ಕೆ ಹೋಗಿ ಹಾಡುಗಾರರನ್ನು ರೆಕಾರ್ಡ್ ಮಾಡಿದ. ಓದು ಬರಹ ಬಾರದ ಅವ್ದೊ ಮೆಡೆಡೊವಿಚ್ 1935ರಲ್ಲಿ 12 ಸಾವಿರಕ್ಕೂ ಜಾಸ್ತಿ ಸಾಲಿನ ಒಂದೇ ಹಾಡು ಹಾಡಿದ. ಅದೇ ವರ್ಷದ ಕೊನೆಗೆ ಪ್ಯಾರಿ 33ನೇ ವಯಸ್ಸಿಗೆ ತೀರಿಕೊಂಡ. ಕೆಲಸವನ್ನು ಲಾರ್ಡ್ ಮುಂದುವರಿಸಿದ.

ಈ ಪ್ರಶ್ನೆಗೆ ಇನ್ನೊಂದು ಉತ್ತರ ನಮ್ಮ ದಕ್ಷಿಣ ಕನ್ನಡದಲ್ಲೇ ಸಿಕ್ಕಿತು. ಫಿನ್ಲೆಂಡ್‌ನ ಜಾನಪದ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ, ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು 1990ರಲ್ಲಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು, ಇಲಿಯಡ್‌ನಷ್ಟೇ ಉದ್ದ. ಇಷ್ಟು ದೊಡ್ಡ ಕಾವ್ಯ ಬರವಣಿಗೆ ಇಲ್ಲದೆ ಆಗುವುದಿಲ್ಲ ಅನ್ನುತ್ತಿದ್ದವರಿಗೆ ಗದ್ದೆ ಕೆಲಸದ ನಡುವೆ ಹಾಡು ಕಲಿತ ಒಬ್ಬ ಗಾಯಕರು ಉತ್ತರ ಕೊಟ್ಟರು.

ಟ್ರಾಯ್ ಊರು ನಿಜವಾಗಿ ಸಿಕ್ಕಿದೆಯಾ? ಯುದ್ಧ ನಡೆದಿತ್ತಾ?

ಊರು ಸಿಕ್ಕಿದೆ. ಟರ್ಕಿಯ ವಾಯವ್ಯದಲ್ಲಿ, ಡಾರ್ಡನೆಲ್ಸ್ ಜಲಸಂಧಿಯ ಹತ್ತಿರ ಹಿಸಾರ್ಲಿಕ್ ಎಂಬ ದಿಬ್ಬ. ಅದು ಟ್ರಾಯ್ ಇರಬೇಕು ಅಂತ ಅಲ್ಲೇ ನೆಲೆಸಿದ್ದ ಫ್ರಾಂಕ್ ಕಾಲ್ವರ್ಟ್‌ಗೆ ಮೊದಲೇ ಅನಿಸಿತ್ತು. ಹೆಸರು ಬಂದದ್ದು 1870ರ ದಶಕದಲ್ಲಿ ಅಗೆದ ಹೈನ್ರಿಶ್ ಶ್ಲೀಮನ್‌ಗೆ. ಹೋಮರನ ಟ್ರಾಯ್ ತೀರಾ ತಳದಲ್ಲಿದೆ ಅಂದುಕೊಂಡು ಅವನು ದಿಬ್ಬದ ನಡುವೆ ದೊಡ್ಡ ಕಂದಕ ತೋಡಿದ, ಮೇಲಿನ ಪದರಗಳನ್ನು ಹಾಳು ಮಾಡಿದ. 1873ರಲ್ಲಿ ಸಿಕ್ಕ ಚಿನ್ನವನ್ನು 'ಪ್ರಿಯಾಮನ ನಿಧಿ' ಅಂದ. ಅದು ಆ ಯುದ್ಧದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ನಿಧಿ ಬರ್ಲಿನ್‌ಗೆ ಹೋಯಿತು, 1945ರಲ್ಲಿ ಸೋವಿಯತ್ ಸೇನೆ ಒಯ್ದಿತು, ಅದರ ಮುಖ್ಯ ಭಾಗ ಈಗ ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ.

ದಿಬ್ಬದಲ್ಲಿ ಒಂದರ ಮೇಲೊಂದು ಒಂಬತ್ತು ಮುಖ್ಯ ಪದರಗಳಿವೆ. ಕ್ರಿ.ಪೂ. 1180ರ ಹೊತ್ತಿಗೆ ಸುಟ್ಟುಹೋದ ಒಂದು ಪದರವನ್ನು ಹೋಮರನ ಟ್ರಾಯ್ ಅಂತ ಅನೇಕರು ಹೇಳುತ್ತಾರೆ. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಲೆಕ್ಕ ಹಾಕಿ ಟ್ರಾಯ್ ಬಿದ್ದದ್ದಕ್ಕೆ ಕೊಟ್ಟ ವರ್ಷ ಕ್ರಿ.ಪೂ. 1184. ಈಗಿನ ಟರ್ಕಿಯಲ್ಲಿದ್ದ ಹಿಟ್ಟೈಟ್ ರಾಜ್ಯದ ದಾಖಲೆಗಳಲ್ಲಿ ವಿಲುಸಾ ಎಂಬ ಊರಿದೆ. ಇಲಿಯನ್ ಅನ್ನುವ ಟ್ರಾಯ್‌ನ ಇನ್ನೊಂದು ಹೆಸರಿಗೆ ಅದನ್ನು ಹೊಂದಿಸುತ್ತಾರೆ. ಕ್ರಿ.ಪೂ. 1280ರ ಸುಮಾರಿನ ಒಂದು ಒಪ್ಪಂದದಲ್ಲಿ ಅಲ್ಲಿನ ದೊರೆಯ ಹೆಸರು ಅಲಕ್ಸಂಡು, ಪ್ಯಾರಿಸ್‌ನ ಇನ್ನೊಂದು ಹೆಸರು ಅಲೆಕ್ಸಾಂಡರ್ ನೆನಪಾಗುವ ಹಾಗೆ.

ಯುದ್ಧದ ವಿಷಯ ಬೇರೆ. ಆ ಕಡಲತೀರದಲ್ಲಿ ಜಗಳಗಳು ನಡೆದಿರಬಹುದು. ಸಾವಿರಕ್ಕೂ ಜಾಸ್ತಿ ಹಡಗು, ಹತ್ತು ವರ್ಷದ ಮುತ್ತಿಗೆ ನಡೆದದ್ದಕ್ಕೆ ಯಾವ ಪುರಾವೆಯೂ ಇಲ್ಲ. ಕಾವ್ಯದಲ್ಲಿ ಹಲವು ಕಾಲಗಳು ಕಲಸಿಕೊಂಡಿವೆ. ಹತ್ತನೇ ಸರ್ಗದ ಕಾಡುಹಂದಿ ಕೋರೆಯ ಶಿರಸ್ತ್ರಾಣ ಹೋಮರನ ಕಾಲಕ್ಕೆ ಬಳಕೆಯಲ್ಲೇ ಇರಲಿಲ್ಲ. ಅಂಥದ್ದು ಕಂಚಿನ ಯುಗದ ಗೋರಿಗಳಲ್ಲಿ ಸಿಕ್ಕಿದೆ. ಆದರೆ ಗೋರಿಯಲ್ಲಿ ಹೂಳುತ್ತಿದ್ದ ಆ ಕಾಲದ ಅರಸರನ್ನು ಹೋಮರ್ ಚಿತೆಯ ಮೇಲೆ ಸುಡುತ್ತಾನೆ. ರಥಗಳಿವೆ, ಆದರೆ ವೀರರು ಅವನ್ನು ಹೆಚ್ಚಾಗಿ ಕಣಕ್ಕೆ ಹೋಗಿ ಇಳಿಯಲು ಬಳಸುತ್ತಾರೆ. ರಥಗಳಿಂದ ಕಾದುವುದು ಹೇಗೆ ಅನ್ನುವ ನೆನಪು ಅಷ್ಟರಲ್ಲಿ ಬಹುಪಾಲು ಅಳಿಸಿಹೋಗಿರಬೇಕು.

ಮೂರು ಸಾವಿರ ವರ್ಷದ ಕಾವ್ಯ ನಮ್ಮ ಕೈಗೆ ಹೇಗೆ ಬಂತು?

ಅಥೆನ್ಸ್‌ನ ದೊಡ್ಡ ಹಬ್ಬದಲ್ಲಿ ವಾಚಕರು ಸರದಿ ಪ್ರಕಾರ ಹೋಮರನನ್ನು ಹೇಳಬೇಕಿತ್ತು. ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಜೆನೊಡೊಟಸ್, ಅರಿಸ್ಟಾರ್ಕಸ್ ಮೊದಲಾದವರು ಪ್ರತಿಗಳನ್ನು ಹೋಲಿಸಿ, ಅನುಮಾನದ ಸಾಲುಗಳಿಗೆ ಗುರುತು ಹಾಕಿದರು. ಈಜಿಪ್ಟ್‌ನ ಒಣ ಮರಳಿನಲ್ಲಿ ಸಿಕ್ಕ ಪಪೈರಸ್ ಎಂಬ ಜೊಂಡಿನ ಹಾಳೆಯ ಚೂರುಗಳಲ್ಲಿ ಬೇರೆ ಎಲ್ಲ ಗ್ರೀಕ್ ಕವಿಗಳಿಗಿಂತ ಹೋಮರನೇ ಜಾಸ್ತಿ. ಇಲಿಯಡ್‌ನ ಅತಿ ಮುಖ್ಯ ಹಸ್ತಪ್ರತಿ 10ನೇ ಶತಮಾನದ್ದು, ವೆನಿಸ್‌ನಲ್ಲಿದೆ. ಅಂಚಿನ ತುಂಬ ಹಳೆಯ ಟಿಪ್ಪಣಿಗಳು ಇಕ್ಕಟ್ಟಾಗಿ ಕೂತಿವೆ. ಅಚ್ಚಾದದ್ದು 1488ರಲ್ಲಿ, ಫ್ಲಾರೆನ್ಸ್‌ನಲ್ಲಿ.

ಯುದ್ಧದ ಹಿಂದುಮುಂದಿನ ಕಥೆ ಹೇಳುತ್ತಿದ್ದ ಬೇರೆ ಕಾವ್ಯಗಳೂ ಇದ್ದವು. ಸಿಪ್ರಿಯಾ, ಏಥಿಯೊಪಿಸ್, ಸಣ್ಣ ಇಲಿಯಡ್ ಮೊದಲಾದವು. ಎಲ್ಲ ಕಳೆದುಹೋದವು. ಪ್ರೊಕ್ಲಸ್ ಎಂಬವನು ಬರೆದಿಟ್ಟ ಸಾರಾಂಶ ಮತ್ತು ಅಲ್ಲಲ್ಲಿ ಕೆಲವು ಸಾಲು ಮಾತ್ರ ಉಳಿದಿವೆ.

ಕನ್ನಡಕ್ಕೂ ಈ ಕಥೆಗಳಿಗೂ ಏನಾದ್ರೂ ನಂಟು ಇದೆಯಾ?

ಎರಡು ಇವೆ. ಒಂದು ಬಿ.ಎಂ.ಶ್ರೀ ಅವರದ್ದು. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ಒಡಿಸ್ಸಿಯಸ್‌ಗೆ ಹೋದವು. ಏಜಾಕ್ಸ್ ಅವಮಾನಕ್ಕೆ ಹುಚ್ಚನಾಗಿ, ಗ್ರೀಕ್ ನಾಯಕರು ಅಂದುಕೊಂಡು ದನಕುರಿಗಳನ್ನು ಕೊಚ್ಚಿ, ತಿಳಿವು ಬಂದಾಗ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ಇದು ಸೊಫೊಕ್ಲೀಸ್‌ನ ನಾಟಕ. ಶ್ರೀಯವರು ಇದನ್ನು ಹಾಗೇ ಅನುವಾದ ಮಾಡಲಿಲ್ಲ. ಏಜಾಕ್ಸ್ ಜಾಗಕ್ಕೆ ಕುರುಕ್ಷೇತ್ರದ ಅಶ್ವತ್ಥಾಮನನ್ನು ತಂದು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಯುದ್ಧ ಮುಗಿದ ಮೇಲೂ ಒಳಗಿನ ಅವಮಾನ ಆರದ ವೀರ ಬೇಕಿದ್ದರೆ ನಮ್ಮಲ್ಲಿ ಅವನಿಗಿಂತ ಸರಿಯಾದವನು ಯಾರು? ಮೂಲದ ಏಜಾಕ್ಸ್ ಒಡಿಸ್ಸಿಯಲ್ಲೂ ಒಮ್ಮೆ ಬರುತ್ತಾನೆ. ಸತ್ತವರ ಲೋಕದಲ್ಲಿ ಒಡಿಸ್ಸಿಯಸ್ ಸಮಾಧಾನ ಹೇಳಲು ಹೋದರೆ ಒಂದು ಮಾತೂ ಆಡದೆ ಕತ್ತಲಿಗೆ ಹೊರಟುಹೋಗುತ್ತಾನೆ.

ಇನ್ನೊಂದು ನಂಟು ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ, 1903ರಲ್ಲಿ ಪ್ರಕಟವಾದ ಪಪೈರಸ್‌ನದು. ಅದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಕಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸೆರೆಯಾಗಿರುತ್ತಾಳೆ. ಅವಳ ಅಣ್ಣನ ಗುಂಪು ಅಲ್ಲಿನ ರಾಜನಿಗೆ ಹೆಂಡ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತದೆ. ಅಗಮೆಮ್ನಾನ್‌ನ ಮಗಳು ಇಫಿಜಿನಿಯಾ ಬಲಿಯಿಂದ ಪಾರಾಗಿ ದೂರದ ದೇಶದಲ್ಲಿದ್ದಳು, ತಮ್ಮ ಬಂದು ಬಿಡಿಸಿದ ಅನ್ನುವ ಯೂರಿಪಿಡೀಸ್ ನಾಟಕವನ್ನು ಈ ಪ್ರಹಸನ ಅನುಸರಿಸುತ್ತದೆ. ಕುಡಿಸಿ ಮಣಿಸುವ ಉಪಾಯ ಒಡಿಸ್ಸಿಯ ಒಕ್ಕಣ್ಣನ ಕಥೆಯದ್ದೇ. ಇದರಲ್ಲಿ ಭಾರತೀಯ ಪಾತ್ರಗಳು ಗ್ರೀಕ್ ಅಲ್ಲದ ಮಾತಾಡುತ್ತವೆ. ಅದು ಹಳೆಯ ಕನ್ನಡ ಅಂತ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಪದ ಬಿಡಿಸಿ ತೋರಿಸಿದರು. ಬರೀ ನಗಿಸಲು ಮಾಡಿದ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆ ಪಪೈರಸ್ ಕ್ರಿ.ಶ. 2ನೇ ಶತಮಾನದ್ದು, ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ಕನ್ನಡವೇ ಹೌದು ಅಂತ ಎಲ್ಲರೂ ಒಪ್ಪಿದರೆ, ಸಾಲುಸಾಲಾಗಿ ಬರೆದಿಟ್ಟ ನಮ್ಮ ಮಾತಿನ ಮೊದಲ ಸಾಕ್ಷಿ ಒಂದು ಗ್ರೀಕ್ ಪ್ರಹಸನದಲ್ಲಿ ಸಿಕ್ಕ ಹಾಗಾಗುತ್ತದೆ.